ಮದರಂಗಿ ಬೆರಳು

ಆಸ್ಪತ್ರೆಯ ವಾರ್ಡಿನ ಹಳೇ ಫ್ಯಾನಿಗೆ, ಹೊಸದಾಗಿ ಬಂದ ಜಾಣ ಯಂತ್ರದ ಮೇಲೆ ಎಲ್ಲಿಲ್ಲದ ಕುತೂಹಲ. ಜ್ವರವೆಂದು ಮಲಗಿದ್ದ ಮದುಮಗಳು ನಸೀಮಾಳ ಬೆರಳಿಗೆ ಕ್ಲಿಪ್ಪು ಹಾಕಿ ಅದು ಮತ್ತೆ ಮತ್ತೆ ರಕ್ತದ ಆಮ್ಲಜನಕ ಅಳೆಯುತ್ತಿತ್ತು.

"ಆಮ್ಲಜನಕ ಕಡಿಮೆ! ಕೂಡಲೇ ಐಸಿಯುಗೆ ಸಾಗಿಸಿ!" ಎಂದು ಯಂತ್ರ ಕೂಗಿತು. ನಸೀಮಾಳ ತಾಯಿ ಗೋಳೋ ಎಂದು ಅಳತೊಡಗಿದಳು.

"ತಮ್ಮಾ, ಹುಡುಗಿ ಆರಾಮಾಗಿ ಉಸಿರಾಡುತ್ತಿದ್ದಾಳಲ್ಲ. ನಿನಗೆ ಹೇಗೆ ಖಾತ್ರಿ?" ಎಂದಿತು ಫ್ಯಾನು.

"ಅಳತೆಯ ಪ್ರತಿ ಸುತ್ತನ್ನೂ ಹಿಂದಿನ ಸುತ್ತಿಗೆ ಹೋಲಿಸುತ್ತೇನೆ. ಎಲ್ಲ ಸುತ್ತುಗಳೂ ಒಂದೇ ಮಾತು ಹೇಳುತ್ತಿವೆ."

"ಎಲ್ಲ ಸುತ್ತುಗಳೂ ಹೊರಡುವುದು ಅದೇ ಬೆರಳಿನಿಂದಲ್ಲವೇ?"

ಮೊದಲ ಬಾರಿಗೆ ಯಂತ್ರದ ಪರದೆಯ ಮೇಲೆ ಆಜ್ಞೆಯ ಬದಲು ಕೋರಿಕೆ ಮೂಡಿತು: 'ದಯವಿಟ್ಟು ಬೇರೆ ಕಡೆ ಅಳೆದು ನೋಡಿ.'

ಓಡಿಬಂದ ಫ್ಲೇವಿಯಾ ಸಿಸ್ಟರ್ ನಸೀಮಾಳ ಬೆರಳು ನೋಡಿ ನಕ್ಕರು. "ಅಯ್ಯೋ, ತುದಿಯೆಲ್ಲ ಕಪ್ಪಗೆ ಮದರಂಗಿ! ಕ್ಲಿಪ್ಪಿನ ಬೆಳಕು ಬೆರಳಿನೊಳಗೆ ಹಾಯಬೇಕಲ್ಲಮ್ಮ!" ಎನ್ನುತ್ತ ಅದನ್ನು ಕಿವಿಗೆ ಸಿಕ್ಕಿಸಿದರು. ಆಮ್ಲಜನಕ ಸರಿಯಾಗಿಯೇ ಇತ್ತು.

"ಅಜ್ಜಾ, ಇಷ್ಟು ಸುತ್ತಿದ ನನಗೇ ಹೊಳೆಯದ್ದು ನಿಮಗೆ ಹೇಗೆ ಹೊಳೆಯಿತು?" ಯಂತ್ರ ಕೇಳಿತು.

"ನಾನೂ ಹುಟ್ಟಿದಾಗಿನಿಂದ ಸುತ್ತುತ್ತಲೇ ಇದ್ದೇನಪ್ಪ," ಎಂದಿತು ಫ್ಯಾನು. "ಈ ಸೂರಿನ ಕೊಕ್ಕೆ ಬಿಟ್ಟು ಒಂದು ಗೇಣೂ ಮುಂದೆ ಹೋಗಿಲ್ಲ."