ಮರಳಿನಲ್ಲಿ ನಿಂತ ಗೂಟ

ನೆರೆ ಇಳಿದಾಗ ನದಿ ಪಾತ್ರ ಬದಲಿಸಿ ಅರ್ಧ ಮೈಲಿ ಆಚೆ ಹರಿಯುತ್ತಿತ್ತು. ಹಳೆಯ ದಡದ ಗೂಟವೂ ಅದಕ್ಕೆ ಕಟ್ಟಿದ್ದ ಹರಿಗೋಲೂ ಮರಳಿನಲ್ಲಿ ಉಳಿದವು.

“ನಲವತ್ತು ವರ್ಷದಿಂದ ಇಲ್ಲೇ ನಿಂತಿದ್ದೇನೆ. ತಪ್ಪು ನದಿಯದು. ಅದೇ ವಾಪಸು ಬರಲಿ,” ಎಂದು ಗೂಟ ಗುಡುಗಿತು.

“ಅದು ಬರುವಷ್ಟರಲ್ಲಿ ನನ್ನ ತೊಗಲು ಬಿಸಿಲಿಗೆ ಬಿರಿಯುತ್ತದೆ. ಹಗ್ಗ ಬಿಡಣ್ಣ,” ಎಂದಿತು ಹರಿಗೋಲು.

“ಬಿಟ್ಟರೆ ಎಲ್ಲಿಗೆ ಹೋಗುತ್ತೀ? ನಿನಗೆ ಮುಂದು ಯಾವುದು, ಹಿಂದು ಯಾವುದು ಅಂತಲೇ ಗೊತ್ತಿಲ್ಲ.”

“ದುಂಡಗೆ ಹುಟ್ಟಿದವನು ನಾನು. ನೀರಿರುವ ಕಡೆಯೇ ನನಗೆ ಮುಂದು.”

ಗೂಟ ಸಿಟ್ಟಿನಿಂದ ಗಂಟನ್ನು ಇನ್ನಷ್ಟು ಬಿಗಿಹಿಡಿಯಿತು. ಸಂಜೆ ಅಂಬಿಗ ಬಂದು, ಗಂಟು ಬಿಚ್ಚಲಾಗದೆ ಹಗ್ಗ ಕೊಯ್ದು, ಹರಿಗೋಲನ್ನು ತಲೆಯ ಮೇಲೆ ಹೊತ್ತು ಹೊಸ ದಡಕ್ಕೆ ನಡೆದ.

ಗೂಟ ಇವತ್ತಿಗೂ ನದಿಯನ್ನು ಬೈಯುತ್ತಿದೆ. ಈಗ ಅದಕ್ಕೆ ಕಟ್ಟಿರುವ ಎಮ್ಮೆ ಮೆಲುಕು ಹಾಕುತ್ತ ಕೇಳಿಸಿಕೊಳ್ಳುತ್ತದೆ.