ಬಿಲಕ್ಕೆ ದೋಷ ಹೇಳಿದ ನರಿ

ಒಂದು ಕಾಡಿನಲ್ಲಿ, ಬಿದಿರುಮೆಳೆಯ ಬುಡದಲ್ಲಿ, ಸೂಜವ್ವ ಎಂಬ ಮುಳ್ಳುಹಂದಿ ಗಂಡ, ಮಗಳು, ಅತ್ತೆಯ ಜೊತೆ ಸಂಸಾರ ಮಾಡಿಕೊಂಡಿದ್ದಳು. ಅವರ ಬಿಲವೆಂದರೆ ಅಂತಿಂಥ ಬಿಲವಲ್ಲ. ಮಲಗಲು ಒಂದು ಕಡೆ, ಗೆಡ್ಡೆಗೆಣಸು ಕೂಡಿಡಲು ಇನ್ನೊಂದು ಕಡೆ, ಎಂಥ ಚಳಿಗೂ ಬೆಚ್ಚಗೆ. ಗಂಡ ಹೆಂಡತಿ ಸೇರಿ ಉಗುರು ಸವೆಯುವಷ್ಟು ತೋಡಿ ಮಾಡಿಕೊಂಡದ್ದು.

ಆ ವರ್ಷ ಮಾಗಿಯ ಚಳಿಯಲ್ಲಿ ಅವರ ಗ್ರಹಚಾರ ಕೆಟ್ಟಿತು ನೋಡಿ. ಆನೆಗಳ ಹಿಂಡು ಬಿಲದ ಮೇಲೆಯೇ ನಡೆದುಹೋಗಿ ಗೆಣಸಿಟ್ಟ ಕಡೆ ಮಾಡು ಕುಸಿಯಿತು. ಅದನ್ನು ಸರಿಮಾಡಲು ಹೋದ ಗಂಡ ಮುಳ್ಳಪ್ಪನ ಅಂಗಾಲಿಗೆ ಬಿದಿರಿನ ಸಿಬಿರು ಹೊಕ್ಕು ಕಾಲು ಊದಿಕೊಂಡಿತು. ಅಷ್ಟು ಸಾಲದು ಎಂಬಂತೆ, ಹಳ್ಳದ ತಣ್ಣೀರಿನಲ್ಲಿ ಆಡಿ ಬಂದ ಮಗಳು ಚುಕ್ಕಿಗೆ ಜ್ವರ ಹಿಡಿಯಿತು. ಅತ್ತೆ ಮೂಲೆಯಲ್ಲಿ ಕೂತು ಯಾರ ಕಣ್ಣು ಬಿತ್ತೋ ಎಂದು ಗೊಣಗುತ್ತಿದ್ದಳು. ಮಣ್ಣು ಎತ್ತುವುದು, ಗೆಣಸು ಹುಡುಕಿ ತರುವುದು, ಮಗುವಿನ ಹಣೆಗೆ ಒದ್ದೆ ಎಲೆ ಇಡುವುದು, ಎಲ್ಲ ಸೂಜವ್ವನೇ ಮಾಡಬೇಕು. ಪಾಪ, ಅವಳಿಗೆ ಅಳಲೂ ಪುರುಸೊತ್ತಿರಲಿಲ್ಲ.

ಸುದ್ದಿ ಒಂದು ನರಿಯ ಕಿವಿಗೆ ಬಿತ್ತು. ಆ ಬೆಚ್ಚನೆಯ ಬಿಲದ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಹಣೆಗೆ ಬೂದಿ ಬಳಿದುಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಬಂದ. ಮಗುವನ್ನು ನೋಡಿ ಲೊಚಗುಟ್ಟಿದ. ಬಿಲದ ಸುತ್ತ ತಿರುಗಿ ಮಣ್ಣು ಮೂಸಿ ತಲೆಯಾಡಿಸಿದ.

"ನಿಮ್ಮ ಬಾಗಿಲು ದಕ್ಷಿಣಕ್ಕಿದೆ ತಾಯಿ. ಈ ಮನೆಗೆ ದೋಷ ತಟ್ಟಿದೆ. ಇಲ್ಲಿ ಮಲಗಿದ ಮಗುವಿಗೆ ಜ್ವರ ಬಿಡುವುದಿಲ್ಲ" ಎಂದ.

ಪರಿಹಾರವನ್ನೂ ಅವನೇ ಹೇಳಿದ. ಹೊತ್ತು ಮುಳುಗುವುದರೊಳಗೆ ಎಲ್ಲರೂ ಬಿಲ ಬಿಟ್ಟು ಗುಡ್ಡದ ಬಂಡೆಯ ಮೇಲೆ ಹೋಗಿರಬೇಕಂತೆ. ಅಮಾವಾಸ್ಯೆಯವರೆಗೆ ತಾನೊಬ್ಬನೇ ಒಳಗೆ ಕೂತು ಮಂತ್ರ ಹೇಳಿ, ದೋಷವನ್ನೆಲ್ಲ ತನ್ನ ಮೈಮೇಲೆ ಹಾಕಿಕೊಳ್ಳುತ್ತಾನಂತೆ. ಎಂಥ ಪುಣ್ಯಾತ್ಮ!

ಅತ್ತೆ ಆಗಲೇ ಗಂಟು ಕಟ್ಟತೊಡಗಿದಳು. ಸೂಜವ್ವ ಒಪ್ಪಲಿಲ್ಲ. ಆನೆ ತುಳಿದದ್ದಕ್ಕೆ ಮಾಡು ಬಿತ್ತು, ತಣ್ಣೀರಿಗೆ ಜ್ವರ ಬಂತು, ಇದರಲ್ಲಿ ಬಾಗಿಲಿನ ತಪ್ಪೇನು ಎಂದು ಕೇಳಿದಳು. ಈ ಚಳಿಯಲ್ಲಿ ಬಂಡೆಯ ಮೇಲೆ ಮಲಗಿಸಿದರೆ ಮಗು ಉಳಿಯುವುದಿಲ್ಲ ಎಂದು ಅಂಗಲಾಚಿದಳು. ಮುಳ್ಳಪ್ಪನೋ, ಮೈತುಂಬ ಮುಳ್ಳಿದ್ದರೂ ಮನಸ್ಸು ಬೆಣ್ಣೆ.

"ಮಗುವಿಗೇ ಏನಾದರೂ ಆದರೆ ಈ ಮನೆ ಇಟ್ಟುಕೊಂಡು ಏನು ಮಾಡೋಣ ಸೂಜಿ?" ಎಂದು ಕಣ್ಣೀರು ಹಾಕಿದ.

ಸೂಜವ್ವನೂ ತಾಯಿಯಲ್ಲವೇ, ಮಗುವಿನ ಹಣೆ ಮುಟ್ಟಿ ನೋಡಿದಳು. ತಾನು ಬರುವವರೆಗೆ ಮಗುವನ್ನು ಹೊರಗೆ ತರಬೇಡಿ ಎಂದು ಹೇಳಿ, ಜ್ವರಕ್ಕೆ ಅಮೃತಬಳ್ಳಿ ತರಲು ಓಡಿದಳು.

ಬಳ್ಳಿ ಕಿತ್ತುಕೊಂಡು ಬರುವಾಗ ದಾರಿಯಲ್ಲಿ ನರಿಯ ಹೆಂಡತಿ ಸಿಕ್ಕಳು. ಹಿಂದೆ ಮರಿಗಳು, ಬಾಯಲ್ಲಿ ಹಾಸಲು ಒಣಹುಲ್ಲು. ಎಲ್ಲಿಗೆ ಹೊರಟೆ ತಂಗಿ ಎಂದು ಸೂಜವ್ವ ಕೇಳಿದಳು. ಪಾಪದ ಹೆಂಗಸು, ಹುಲ್ಲು ಕೆಳಗಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದಳು. ಯಜಮಾನರು ಬಿದಿರುಮೆಳೆಯ ಹತ್ತಿರ ಬೆಚ್ಚನೆಯ ಮನೆ ನೋಡಿದ್ದಾರಂತೆ, ಇದ್ದವರು ಇವತ್ತೇ ಖಾಲಿ ಮಾಡುತ್ತಾರಂತೆ.

ಸೂಜವ್ವನ ಮೈಯೆಲ್ಲ ಉರಿಯಿತು. ಆದರೂ ಸಿಟ್ಟು ನುಂಗಿಕೊಂಡು, ಬಾ ತಂಗಿ, ಮನೆ ನೋಡುವೆಯಂತೆ ಎಂದು ಕರೆದುಕೊಂಡು ಬಂದಳು. ಬಾಗಿಲಲ್ಲಿ ನರಿ ಕಣ್ಣು ಮುಚ್ಚಿ ಮಣಮಣ ಅನ್ನುತ್ತಿದ್ದ. ಹೆಂಡತಿ ಮಕ್ಕಳನ್ನು ಕಂಡು ಅವನ ಮಂತ್ರ ಗಂಟಲಲ್ಲೇ ನಿಂತಿತು.

"ಒಳಗೆ ಹೋಗುವ ಮುಂಚೆ ಒಂದು ಮಾತು ತಂಗಿ" ಎಂದಳು ಸೂಜವ್ವ, ಎಲ್ಲರಿಗೂ ಕೇಳುವ ಹಾಗೆ. "ಈ ಮನೆಗೆ ದೋಷ ತಟ್ಟಿದೆಯಂತೆ. ಇಲ್ಲಿ ಮಲಗಿದ ಮಕ್ಕಳಿಗೆ ಜ್ವರ ಬಿಡುವುದಿಲ್ಲವಂತೆ. ನಾನು ಹೇಳಿದ್ದಲ್ಲ, ನಿನ್ನ ಯಜಮಾನರೇ ಹೇಳಿದ್ದು."

ನರಿಯ ಹೆಂಡತಿ ಗಕ್ಕನೆ ಮರಿಗಳನ್ನು ಹಿಂದಕ್ಕೆಳೆದುಕೊಂಡಳು. ಹೆತ್ತ ಮಕ್ಕಳನ್ನು ಕೊಲ್ಲಲು ಕರೆಸಿದಿರಾ ಎಂದು ಗಂಡನ ಮೇಲೆ ಹರಿಹಾಯ್ದಳು. ನರಿ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದ. ಅವಳು ಬಿಡಲಿಲ್ಲ, ಮರಿಗಳ ಜೊತೆ ತವರಿಗೆ ಹೊರಟೇಬಿಟ್ಟಳು.

"ನಿಲ್ಲೇ ಮಾರಾಯ್ತಿ" ಎಂದು ನರಿ ಗೋಗರೆದ. "ದೋಷವೂ ಇಲ್ಲ, ಗೀಷವೂ ಇಲ್ಲ. ಇವರನ್ನು ಹೊರಗೆ ಹಾಕಲು ನಾನೇ ಕಟ್ಟಿದ ಸುಳ್ಳು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಅತ್ತೆಯ ಕೈಯಿಂದ ಗಂಟು ಜಾರಿತ್ತು. ಮುಳ್ಳಪ್ಪನ ಮೈಮುಳ್ಳುಗಳೆಲ್ಲ ಜಲ್ಲನೆ ನೆಟ್ಟಗಾಗಿದ್ದವು. ಅವನು ಊದಿದ ಕಾಲನ್ನು ಎಳೆದುಕೊಂಡೇ ಹಿಂದುಹಿಂದಾಗಿ ಒಂದು ಸಲ ನುಗ್ಗಿದ ನೋಡಿ! ನರಿ ಮೂತಿ ತುಂಬ ಮುಳ್ಳು ಚುಚ್ಚಿಸಿಕೊಂಡು, ಕುಯ್ಯೋ ಮರ್ರೋ ಎನ್ನುತ್ತ ಕಾಡಿಗೆ ಕಾಡೇ ನಗುವಂತೆ ಓಡಿದ.

ಚುಕ್ಕಿ ಮುಖ ಕಿವುಚಿಕೊಂಡು ಅಮೃತಬಳ್ಳಿಯ ರಸ ನುಂಗಿದಳು. ಬೆಚ್ಚನೆಯ ಬಿಲದಲ್ಲಿ ಅವ್ವನಿಗೆ ಒತ್ತಿಕೊಂಡು ಮಲಗಿದಳು. ಬೆಳಗಾಗುವಷ್ಟರಲ್ಲಿ ಮೈಬೆವರಿ ಜ್ವರ ಇಳಿದಿತ್ತು. ಕಣ್ಣು ಬಿಟ್ಟವಳೇ "ಅವ್ವಾ, ಹಸಿವು" ಎಂದಳು. ಆ ಒಂದು ಮಾತಿಗೆ ಮನೆಮಂದಿಯೆಲ್ಲ ಕುಣಿದಾಡಿಬಿಟ್ಟರು, ಮುಳ್ಳಪ್ಪನಂತೂ ಕುಂಟುತ್ತಲೇ.

ನೀತಿ: ಕಷ್ಟ ಬಂದಾಗ ಅದರ ಕಾರಣ ಹುಡುಕಿ ಮದ್ದು ಮಾಡಬೇಕು, ನಮ್ಮ ಭಯವನ್ನು ಬಳಸಿಕೊಳ್ಳಲು ಬಂದವರ ಮಾತಿಗೆ ಮರುಳಾಗಬಾರದು.