ಉಸಿರು ಬಿಗಿಹಿಡಿದ ಟ್ಯೂಬು

ದಸ್ತಗೀರ್ ಸಾಬರು ಹಳೆಯ ಸೈಕಲ್ಲುಗಳನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ರಸ್ತೆಗಿಳಿಸುವವರು. ಒಂದು ಮುಂಜಾನೆ ಅವರು ಏಳು ಪ್ಯಾಚಿನ ಟ್ಯೂಬೊಂದಕ್ಕೆ ಗಾಳಿ ತುಂಬಿ, ತೂತು ಹುಡುಕಲು ಬಾಂಡ್ಲಿಯ ನೀರಿನಲ್ಲಿ ಅದ್ದಿದರು.

ನೀರೊಳಗೆ ಟ್ಯೂಬು ಕನಸು ಕಾಣುತ್ತಿತ್ತು: ಕೆರೆದಂಡೆಯ ರಸ್ತೆ, ತೆಳ್ಳನೆಯ ಮಂಜು, ಪೆಡಲ್ ತುಳಿಯದೆಯೇ ಸಾಗುವ ಇಳಿಜಾರು.

“ಗುಳ್ಳೆ ಬಿಡು,” ಎಂದಿತು ನೀರು. “ಎಲ್ಲಿ ಸೋರುತ್ತಿದೆಯೆಂದು ಅವರಿಗೆ ತೋರಿಸುತ್ತೇನೆ.”

“ಎಂಟನೆಯ ತೂತು ಕಂಡರೆ ನನ್ನನ್ನು ಎಸೆದುಬಿಡುತ್ತಾರೆ,” ಎಂದು ಟ್ಯೂಬು ಉಸಿರು ಬಿಗಿಹಿಡಿಯಿತು.

ಸಾಬರು ಅದನ್ನು ಎರಡು ಸುತ್ತು ತಿರುಗಿಸಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಮೊಳೆಗೆ ನೇತುಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಟ್ಯೂಬು ಮೆತ್ತಗಾಗಿತ್ತು.

ಸೈಕಲ್ಲಿಗಾಗಿ ಕಾದು ಕೂತಿದ್ದ ಟೈಲರ್ ಕಸ್ತೂರಕ್ಕ ಕೇಳಿದರು: “ಇನ್ನೊಂದು ಪ್ಯಾಚ್ ಹಾಕಬಾರದಾ ಸಾಬರೇ?”

“ಎಷ್ಟು ಬೇಕಾದರೂ ಹಾಕುತ್ತಿದ್ದೆ ಅಕ್ಕಾ. ಎಲ್ಲಿ ಅಂತ ಹಾಕಲಿ?” ಎಂದು ಸಾಬರು ಕತ್ತರಿ ಕೈಗೆತ್ತಿಕೊಂಡರು.

ಟ್ಯೂಬು ಉದ್ದನೆಯ ಪಟ್ಟಿಯಾಯಿತು. ಅದರಿಂದಲೇ ಕಸ್ತೂರಕ್ಕನ ಬಟ್ಟೆಗಂಟನ್ನು ಕ್ಯಾರಿಯರಿಗೆ ಬಿಗಿದು ಕಟ್ಟಿದರು. ಸೈಕಲ್ಲು ಕೆರೆದಂಡೆಯ ರಸ್ತೆ ಹಿಡಿಯಿತು. ಅದೇ ಮಂಜು, ಅದೇ ಇಳಿಜಾರು. ಕೆಳಗೆ ಚಕ್ರದೊಳಗೆ ಇನ್ನೊಂದು ಟ್ಯೂಬು ಗುನುಗಿಕೊಂಡು ಉರುಳುತ್ತಿತ್ತು.

“ನೀನು ಹೊಸ ಟ್ಯೂಬೇ?” ಎಂದು ಪಟ್ಟಿ ಮೇಲಿನಿಂದ ಕೇಳಿತು.

“ನನಗೆ ಹನ್ನೊಂದು ಪ್ಯಾಚ್,” ಎಂದಿತು ಅದು. “ಹನ್ನೊಂದು ಸಲವೂ ಗುಳ್ಳೆ ಬಿಟ್ಟೆ.”